ಮೊದಲು ನೀರನ್ನು ಪರೀಕ್ಷಿಸಿರಿ

ಮನೆಯಲ್ಲಿ ಉಪಯೋಗದಲ್ಲಿರುವ ಯಂತ್ರವೊಂದು ಕೆಟ್ಟು ನಿಂತಾಗ ನಾವು ಸಾಮಾನ್ಯವಾಗಿ ಎರಡು ಕೆಲಸಗಳನ್ನು ಮಾಡುತ್ತೇವೆ. ಮೊದಲು ಅದನ್ನು ತಯಾರಿಸಿದವರನ್ನು ಬಯ್ಯುತ್ತೇವೆ. ಬಳಿಕ ಹೊಸದೊಂದನ್ನು ಕೊಳ್ಳಲು ಅಂಗಡಿಗೆ ಹೊರಡುತ್ತೇವೆ. ಇವೆರಡರ ನಡುವೆ ಮಾಡತಕ್ಕ ಮೂರನೆಯ ಕೆಲಸವೊಂದುಂಟು. ಯಂತ್ರ ಏಕೆ ಕೆಟ್ಟಿತು, ಅದರಿಂದ ನಮಗೆ ಆಗಬೇಕಾಗಿದ್ದ ಕೆಲಸವಾದರೂ ಯಾವುದು, ಹೊಸ ಯಂತ್ರಕ್ಕೂ ಅದೇ ಗತಿ ಬಾರದೆಂಬುದಕ್ಕೆ ಏನು ಆಧಾರ ಎಂದು ವಿಚಾರ ಮಾಡುವುದೇ ಆ ಕೆಲಸ. ಇದನ್ನು ಮಾಡುವವರು ವಿರಳ.

ಡಿಷ್‌ವಾಷರ್ ಎಂದು ಎಲ್ಲರೂ ಕರೆಯುವ, ಪಾತ್ರೆ ತೊಳೆಯುವ ಯಂತ್ರದ ವಿಷಯದಲ್ಲಿ ಈ ವಿಚಾರ ಈಗ ಅಗತ್ಯವಾಗಿದೆ. ೨೦೨೦ರ ಲಾಕ್‌ಡೌನ್ ಕಾಲದಲ್ಲಿ ಮನೆಗೆಲಸದವರು ಬರಲಾಗದೆ ಹೋದಾಗ ಬೆಂಗಳೂರಿನಂಥ ನಗರಗಳ ಅನೇಕ ಕುಟುಂಬಗಳು ಈ ಯಂತ್ರವನ್ನು ಮೊದಲ ಬಾರಿಗೆ ಕೊಂಡವು. ಆ ಯಂತ್ರಗಳಿಗೆ ಈಗ ವಯಸ್ಸಾಗುತ್ತ ಬಂದಿದೆ. ಒಂದು ನೀರು ಹೊರಹಾಕದು, ಇನ್ನೊಂದು ಲೋಟಗಳ ಮೇಲೆ ಬಿಳಿಯ ಪುಡಿಯನ್ನು ಉಳಿಸುತ್ತದೆ, ಮತ್ತೊಂದು ನೀರನ್ನು ಬಿಸಿಮಾಡುವುದನ್ನೇ ನಿಲ್ಲಿಸಿದೆ. ಇವುಗಳ ಜಾಗಕ್ಕೆ ಯಾವ ಹೊಸ ಯಂತ್ರವನ್ನು ತರಬೇಕೆಂಬ ಚರ್ಚೆ ಮನೆಮನೆಯಲ್ಲಿ ನಡೆಯುತ್ತಿದೆ. ಆ ಚರ್ಚೆಯಲ್ಲಿ ಬಣ್ಣ, ಬೆಲೆ, ಕಂಪೆನಿಯ ಹೆಸರು, ಗುಂಡಿಗಳ ಸಂಖ್ಯೆ ಇವೆಲ್ಲ ಬರುತ್ತವೆ. ಮನೆಯ ನಲ್ಲಿಯಲ್ಲಿ ಬರುವ ನೀರು ಎಂಥದೆಂಬ ಪ್ರಶ್ನೆ ಮಾತ್ರ ಬರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದೇ ಮೊದಲನೆಯ ಪ್ರಶ್ನೆಯಾಗಬೇಕು. ಪ್ರೌಢಶಾಲೆಯ ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗಿಂತ ಹೆಚ್ಚಿನ ಜ್ಞಾನ ಈ ವಿಚಾರಕ್ಕೆ ಬೇಕಾಗಿಲ್ಲವಾದ್ದರಿಂದ, ಮನೆಯ ವಿದ್ಯಾರ್ಥಿಗಳು ಇದರಲ್ಲಿ ಹಿರಿಯರಿಗೆ ನೆರವಾಗಬಲ್ಲರು.

ಯಂತ್ರದ ಪೂರ್ವೇತಿಹಾಸ

ಪಾತ್ರೆ ತೊಳೆಯಲು ಯಂತ್ರವನ್ನು ಮಾಡುವ ಪ್ರಯತ್ನ ಹಳೆಯದು. ಅಮೆರಿಕದ ಜೋಯೆಲ್ ಹೌಟನ್ ಎಂಬಾತ ೧೮೫೦ರಲ್ಲಿಯೇ ಕೈಯಿಂದ ತಿರುಗಿಸುವ ಮರದ ಯಂತ್ರವೊಂದಕ್ಕೆ ಪೇಟೆಂಟ್ ಪಡೆದಿದ್ದನು. ಆದರೆ ಕೆಲಸಕ್ಕೆ ನಿಜವಾಗಿ ಒದಗಿದ ಯಂತ್ರವನ್ನು ರಚಿಸಿದ ಕೀರ್ತಿ ಇಲಿನಾಯ್ ಪ್ರಾಂತದ ಶೆಲ್ಬಿವಿಲ್ ಎಂಬ ಊರಿನ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆಗೆ ಸೇರಿದುದು. ಆಕೆಗೆ ೧೮೮೬ರ ಡಿಸೆಂಬರ್ ೨೮ರಂದು ಪೇಟೆಂಟ್ ದೊರೆಯಿತು. ೧೮೯೩ರಲ್ಲಿ ಷಿಕಾಗೋ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಆಕೆಯ ಯಂತ್ರಗಳು ಜನರ ಗಮನವನ್ನು ಸೆಳೆದವು. ತಂತಿಯ ಗೂಡುಗಳಲ್ಲಿ ತಟ್ಟೆಗಳನ್ನು ಅಲುಗದಂತೆ ನಿಲ್ಲಿಸಿ, ಅವುಗಳ ಮೇಲೆ ನೀರನ್ನು ಒತ್ತಡದಿಂದ ಎರಚುವುದು ಆಕೆಯ ಉಪಾಯ. ಇಂದಿನ ಯಂತ್ರಗಳಲ್ಲಿಯೂ ಇರುವುದು ಅದೇ ತತ್ತ್ವ.

ಈ ಯಂತ್ರವನ್ನು ಮೊದಲು ಕೊಂಡವು ಹೋಟೆಲುಗಳು. ಮನೆಗಳಲ್ಲಿ ಇದಕ್ಕೆ ಬಹುಕಾಲ ಪ್ರವೇಶ ದೊರೆಯಲಿಲ್ಲ. ಬೆಲೆ ಹೆಚ್ಚಾಗಿದ್ದುದು ಒಂದು ಕಾರಣ. ಆದರೆ ಬೇರೆ ಎರಡು ಕಾರಣಗಳು ನಮಗೆ ಹೆಚ್ಚು ಮುಖ್ಯ. ಯಂತ್ರಕ್ಕೆ ಬೇಕಾದಷ್ಟು ಬಿಸಿನೀರನ್ನು ಆಗಿನ ಮನೆಗಳ ಹಂಡೆಗಳು ಕೊಡಲಾರದೆ ಹೋದವು. ಅಲ್ಲದೆ ಅನೇಕ ಊರುಗಳ ನೀರು ಗಡಸಾಗಿದ್ದು ಸಾಬೂನಿನ ನೊರೆ ಏಳುತ್ತಿರಲಿಲ್ಲ. ಯಂತ್ರ ಚೆನ್ನಾಗಿಯೇ ಇತ್ತು, ಅದಕ್ಕೆ ಒದಗಿಸಿದ ನೀರು ಸರಿಯಾಗಿರಲಿಲ್ಲ. ಇಷ್ಟು ವರ್ಷಗಳ ಮೇಲೆಯೂ ನಮ್ಮ ಅನೇಕ ಊರುಗಳಲ್ಲಿ ಪರಿಸ್ಥಿತಿ ಇದೇ ಆಗಿದೆ.

ಶುದ್ಧೀಕರಣದ ನಾಲ್ಕು ಅಂಶಗಳು

ಯಾವ ವಸ್ತುವನ್ನು ತೊಳೆಯಬೇಕಾದರೂ ನಾಲ್ಕು ಅಂಶಗಳು ಕೂಡಿ ಕೆಲಸ ಮಾಡಬೇಕೆಂದು ಹೆರ್ಬರ್ಟ್ ಸಿನ್ನರ್ ಎಂಬ ಜರ್ಮನ್ ತಜ್ಞ ೧೯೫೯ರಲ್ಲಿ ವಿವರಿಸಿದನು. ರಾಸಾಯನಿಕ ಕ್ರಿಯೆ, ತಿಕ್ಕುವ ಅಥವಾ ಎರಚುವ ಬಲ, ಉಷ್ಣತೆ ಮತ್ತು ಕಾಲ ಇವೇ ಆ ನಾಲ್ಕು. ಇವುಗಳಲ್ಲಿ ಒಂದನ್ನು ಕಡಮೆ ಮಾಡಿದರೆ ಉಳಿದವುಗಳಲ್ಲಿ ಒಂದನ್ನಾದರೂ ಹೆಚ್ಚಿಸಲೇಬೇಕು.

ನಮ್ಮ ಮನೆಗಳಲ್ಲಿ ಮುಸುರೆ ತಿಕ್ಕುವ ಕ್ರಮವನ್ನು ಈ ದೃಷ್ಟಿಯಿಂದ ನೋಡಿರಿ. ಹಿಂದೆ ಬೂದಿ, ಹುಣಿಸೆಹಣ್ಣು, ಸೀಗೆಪುಡಿಗಳನ್ನು ಬಳಸುತ್ತಿದ್ದರು. ಈಗ ಸಾಬೂನಿನ ಬಿಲ್ಲೆ ಬಂದಿದೆ. ತೆಂಗಿನ ನಾರೋ ಉಕ್ಕಿನ ಜುಂಗೋ ಕೈಯಲ್ಲಿರುತ್ತದೆ. ನೀರು ತಣ್ಣಗಿರುತ್ತದೆ, ಹಚ್ಚುವ ಮಾರ್ಜಕ ಸೌಮ್ಯವಾಗಿರುತ್ತದೆ, ಒಂದು ಪಾತ್ರೆಗೆ ತಗಲುವ ಕಾಲವೂ ಅಲ್ಪ. ಇಷ್ಟರಿಂದಲೇ ಪಾತ್ರೆ ಬೆಳ್ಳಗಾಗುವುದು ತಿಕ್ಕುವವರ ತೋಳಿನ ಬಲದಿಂದ.

ಯಂತ್ರಕ್ಕೆ ತೋಳಿಲ್ಲ. ಅದರ ತಳದಲ್ಲಿ ಮೂರು ನಾಲ್ಕು ಲೀಟರ್ ನೀರು ಮಾತ್ರ ನಿಂತಿರುತ್ತದೆ. ಪಂಪು ಆ ನೀರನ್ನೇ ಮತ್ತೆ ಮತ್ತೆ ಮೇಲೆತ್ತಿ, ತಿರುಗುವ ತೋಳುಗಳ ರಂಧ್ರಗಳಿಂದ ಚಿಮ್ಮಿಸುತ್ತದೆ. ತೋಳುಗಳನ್ನು ತಿರುಗಿಸಲು ಬೇರೆ ಮೋಟಾರು ಬೇಕಾಗಿಲ್ಲ. ಓರೆಯಾಗಿ ಕೊರೆದ ರಂಧ್ರಗಳಿಂದ ನೀರು ಒಂದು ದಿಕ್ಕಿಗೆ ಹೊರಟಾಗ, ನ್ಯೂಟನ್ನನ ಮೂರನೆಯ ನಿಯಮದಂತೆ, ತೋಳು ಎದುರು ದಿಕ್ಕಿಗೆ ಸರಿಯುತ್ತದೆ. ಹೀಗೆ ಎರಚಿದ ನೀರಿನ ಬಲ ನಾರಿನ ತಿಕ್ಕಾಟಕ್ಕೆ ಸಮನಾಗಲಾರದು. ಆದ್ದರಿಂದ ಯಂತ್ರವು ಉಳಿದ ಮೂರು ಅಂಶಗಳನ್ನು ಹೆಚ್ಚಿಸಬೇಕಾಗುತ್ತದೆ. ನೀರನ್ನು ೫೦ರಿಂದ ೭೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ. ಸೋಡಿಯಮ್ ಕಾರ್ಬೊನೇಟ್ ಮುಂತಾದ ಪ್ರಬಲ ಕ್ಷಾರಗಳನ್ನೂ, ಪಿಷ್ಟವನ್ನೂ ಪ್ರೋಟೀನನ್ನೂ ಒಡೆಯುವ ಕಿಣ್ವಗಳನ್ನೂ ಬಳಸುತ್ತದೆ. ಕೆಲಸವನ್ನು ಎರಡು ಮೂರು ಗಂಟೆಗಳವರೆಗೆ ಎಳೆಯುತ್ತದೆ.

ಈ ಒಂದು ತತ್ತ್ವವನ್ನು ಅರಿತರೆ ಯಂತ್ರದ ಬಗ್ಗೆ ಕೇಳಿಬರುವ ಅರ್ಧಕ್ಕರ್ಧ ದೂರುಗಳಿಗೆ ಉತ್ತರ ದೊರೆಯುತ್ತದೆ. ‘ಇಷ್ಟು ಹೊತ್ತು ಏಕೆ ಬೇಕು?’ ಎಂದು ಕೇಳುವವರುಂಟು. ಮಿತವ್ಯಯದ ಕ್ರಮದಲ್ಲಿ ಯಂತ್ರವು ಉಷ್ಣತೆಯನ್ನು ತಗ್ಗಿಸಿ ವಿದ್ಯುತ್ತನ್ನು ಉಳಿಸುತ್ತದೆ, ಅದಕ್ಕೆ ಬದಲಾಗಿ ಕಾಲವನ್ನು ಹೆಚ್ಚು ತೆಗೆದುಕೊಳ್ಳುತ್ತದೆ. ‘ಅಲ್ಯೂಮಿನಿಯಮ್ ಪಾತ್ರೆ ಏಕೆ ಕಪ್ಪಾಯಿತು?’ ಎಂದು ಕೇಳುವವರುಂಟು. ಆ ಲೋಹವನ್ನು ಕಾಪಾಡುವ ಆಕ್ಸೈಡಿನ ತೆಳುಪೊರೆ ಬಿಸಿಯಾದ ಕ್ಷಾರದಲ್ಲಿ ಕರಗುತ್ತದೆ. ಕಬ್ಬಿಣದ ದೋಸೆಕಾವಲಿಯ ಮೇಲೆ ಎಣ್ಣೆ ಕುಡಿದು ಬಲಿತ ಪದರವನ್ನು ಯಂತ್ರ ತೊಳೆದುಹಾಕುವುದರಿಂದ ಅದಕ್ಕೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆ ತಾಮ್ರಗಳು ಹೊಳಪುಗೆಡುತ್ತವೆ, ಮರದ ಸೌಟು ಬಿರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲು, ಗಾಜು, ಪಿಂಗಾಣಿ ಇವು ಯಂತ್ರಕ್ಕೆ ತಕ್ಕವು. ಯಾವ ಕಂಪೆನಿಯ ಯಂತ್ರವನ್ನು ತಂದರೂ ಈ ಮಿತಿಗಳು ಬದಲಾಗುವುದಿಲ್ಲ.

ಕೆಟ್ಟಿರುವುದು ಯಂತ್ರವೆ?

ಹಾಗಾದರೆ ಬದಲಾಯಿಸುವ ಮುನ್ನ ಹಳೆಯ ಯಂತ್ರ ನಿಜವಾಗಿಯೂ ಕೆಟ್ಟಿದೆಯೆ ಎಂದು ನೋಡಬೇಕು. ನೀರು ಹೊರಹೋಗದಿದ್ದರೆ ತಳದ ಜಾಲರಿಯಲ್ಲಿ ಅನ್ನದ ಅಗುಳು, ಕರಿಬೇವಿನ ಎಲೆ, ನಿಂಬೆಯ ಬೀಜ ಇವು ಸಿಕ್ಕಿಕೊಂಡಿರಬಹುದು; ಹೊರಗೊಯ್ಯುವ ಕೊಳವೆ ಮಡಿಚಿಕೊಂಡಿರಬಹುದು. ಮೇಲಿನ ಗೂಡಿನ ಪಾತ್ರೆಗಳು ಮಾತ್ರ ಕೊಳೆಯಾಗಿ ಉಳಿದರೆ ತೋಳಿನ ರಂಧ್ರಗಳು ಮುಚ್ಚಿರಬಹುದು. ಪಾತ್ರೆಗಳ ಮೇಲೆ ನೀರಿನ ಹನಿಗಳ ಗುರುತು ಉಳಿದರೆ ಕೊನೆಯ ಜಾಲಾಡುವಿಕೆಯಲ್ಲಿ ಸೇರಬೇಕಾದ ದ್ರವ ಮುಗಿದಿರಬಹುದು. ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ, ಅದು ಹನಿಯಾಗಿ ನಿಲ್ಲದೆ ತೆಳುವಾಗಿ ಹರಿದುಹೋಗುವಂತೆ ಮಾಡುವುದೇ ಆ ದ್ರವದ ಕೆಲಸ. ಲೋಟಗಳು ಬೆಳ್ಳಗೆ ಮಬ್ಬಾದರೆ ಉಪ್ಪಿನ ಪಾತ್ರೆ ಬರಿದಾಗಿರಬಹುದು. ಇವೆಲ್ಲವೂ ಯಂತ್ರದ ಕೈಪಿಡಿಯನ್ನು ಓದಿ ಮನೆಯವರೇ ಸರಿಪಡಿಸಬಹುದಾದ ಸಂಗತಿಗಳು. ವಿದ್ಯುತ್ತಿಗೆ ಸಂಬಂಧಿಸಿದ ಭಾಗಗಳನ್ನು ಮಾತ್ರ ಬಲ್ಲ ಕುಶಲಿಗೇ ಬಿಡತಕ್ಕದ್ದು. ಜಾಲರಿಯನ್ನು ತೆಗೆಯುವಾಗಲೂ ವಿದ್ಯುತ್ ಸಂಪರ್ಕವನ್ನು ಕಳಚಿರಬೇಕು.

‘ಹೊಸ ಯಂತ್ರ ವಿದ್ಯುತ್ತನ್ನು ಉಳಿಸುತ್ತದೆ, ಆದ್ದರಿಂದ ಹಳೆಯದನ್ನು ಎಸೆಯುವುದೇ ಲಾಭ’ ಎಂಬ ವಾದವನ್ನೂ ಲೆಕ್ಕ ಹಾಕಿ ನೋಡೋಣ. ಹೊಸದು ಒಂದು ಬಾರಿಯ ತೊಳೆತಕ್ಕೆ ಕಾಲು ಯೂನಿಟ್ ಉಳಿಸುತ್ತದೆ ಎಂದೇ ಇಟ್ಟುಕೊಳ್ಳಿರಿ. ವರ್ಷಕ್ಕೆ ೩೦೦ ಬಾರಿ ತೊಳೆದರೆ ಉಳಿಯುವುದು ೭೫ ಯೂನಿಟ್. ಯೂನಿಟ್ಟಿಗೆ ೮ ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ೬೦೦ ರೂಪಾಯಿ. ೪೦,೦೦೦ ರೂಪಾಯಿನ ಯಂತ್ರದ ಬೆಲೆ ಈ ಉಳಿತಾಯದಿಂದ ತೀರಬೇಕಾದರೆ ಸುಮಾರು ೬೭ ವರ್ಷಗಳು ಬೇಕು. ಯಂತ್ರ ಅಷ್ಟು ಕಾಲ ಬಾಳದು, ಕೊಂಡವರೂ ಅಷ್ಟು ಕಾಲ ಕಾಯಲಾರರು. ಇಪ್ಪತ್ತು ವರ್ಷ ಹಳೆಯದಾದ, ಹೆಚ್ಚು ನೀರು ಕುಡಿಯುವ ಯಂತ್ರದ ಮಾತು ಬೇರೆ. ಐದಾರು ವರ್ಷದ ಯಂತ್ರವನ್ನು ಮಿತವ್ಯಯದ ಹೆಸರಿನಲ್ಲಿ ಬದಲಾಯಿಸುವುದಕ್ಕೆ ಗಣಿತದ ಸಮ್ಮತಿ ಇಲ್ಲ.

ಗಡಸು ನೀರಿನ ಲೆಕ್ಕ

ಯಂತ್ರ ನಿಜವಾಗಿಯೂ ಕೆಟ್ಟಿದೆ, ದುರಸ್ತಿ ಸಾಧ್ಯವಿಲ್ಲ ಎಂದಾದರೆ ನೀರಿನ ಪ್ರಶ್ನೆಗೆ ಬರೋಣ. ಭೂಮಿಯಲ್ಲಿ ಇಂಗಿದ ನೀರು ಕ್ಯಾಲ್ಸಿಯಮ್ ಮತ್ತು ಮೆಗ್ನೀಸಿಯಮ್ ಲವಣಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಬೆಂಗಳೂರಿನಲ್ಲಿ ಕಾವೇರಿಯ ನೀರು ಸಾಕಷ್ಟು ಮೆದು. ಕೊಳವೆ ಬಾವಿಯ ನೀರು ಸಾಮಾನ್ಯವಾಗಿ ಗಡಸು. ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಬಗೆಯ ನೀರು ಇರುವುದುಂಟು. ಒಂದೇ ಮನೆಯಲ್ಲಿ ಚಳಿಗಾಲಕ್ಕೂ ಬೇಸಗೆಗೂ ನೀರಿನ ಗುಣ ಬೇರೆಯಾಗುವುದೂ ಉಂಟು. ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಂ ಮೀರದಿರುವುದು ಒಳ್ಳೆಯದೆಂದೂ, ಬೇರೆ ಮೂಲವಿಲ್ಲದಿದ್ದರೆ ೬೦೦ರವರೆಗೆ ಸಹಿಸಬಹುದೆಂದೂ ೨೦೧೨ರ ಭಾರತೀಯ ಮಾನಕ ಹೇಳುತ್ತದೆ. ಇಲ್ಲಿ ಗಡಸುತನವನ್ನು ಕ್ಯಾಲ್ಸಿಯಮ್ ಕಾರ್ಬೊನೇಟಿನ ತೂಕವಾಗಿ ಎಣಿಸಿದೆ.

ಒಂದು ಮನೆಯ ನೀರಿನ ಗಡಸುತನ ಲೀಟರಿಗೆ ೪೦೦ ಮಿಲಿಗ್ರಾಂ ಇದೆಯೆನ್ನೋಣ. ಒಂದು ತೊಳೆತಕ್ಕೆ ೧೦ ಲೀಟರ್ ನೀರು ಬೇಕಾದರೆ ಅದರಲ್ಲಿ ೪ ಗ್ರಾಂ ಗಡಸು ಪದಾರ್ಥವಿರುತ್ತದೆ. ೩೦೦ ತೊಳೆತಗಳಿಗೆ ಇದು ೧.೨ ಕಿಲೋಗ್ರಾಂ ಆಯಿತು. ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಬೈಕಾರ್ಬೊನೇಟು ಒಡೆದು, ಇಂಗಾಲದ ಡೈ ಆಕ್ಸೈಡು ಹೊರಟುಹೋಗಿ, ಕರಗದ ಕಾರ್ಬೊನೇಟು ಸುಣ್ಣದ ಪೊರೆಯಾಗಿ ಕೂರುತ್ತದೆ. ಗಡಸು ಪದಾರ್ಥವೆಲ್ಲವೂ ಹೀಗೆ ಕೂರುವುದಿಲ್ಲ ನಿಜ. ಆದರೆ ಅದರಲ್ಲಿ ಹತ್ತರಲ್ಲೊಂದು ಪಾಲು ಕೂತರೂ ವರ್ಷಕ್ಕೆ ೧೨೦ ಗ್ರಾಂ ಸುಣ್ಣ ಯಂತ್ರದ ಒಡಲನ್ನು ಸೇರಿತು. ಅದು ಕಾಯಿಸುವ ಭಾಗದ ಮೇಲೆ ಕೂತು ಶಾಖವು ನೀರಿಗೆ ದಾಟದಂತೆ ತಡೆಯುತ್ತದೆ, ತೋಳಿನ ರಂಧ್ರಗಳನ್ನು ಕಿರಿದುಮಾಡುತ್ತದೆ, ಗಾಜಿನ ಲೋಟಗಳನ್ನು ಮಬ್ಬಾಗಿಸುತ್ತದೆ.

ಇದಕ್ಕೆ ಪರಿಹಾರ ಯಂತ್ರದೊಳಗೇ ಇರುವ ಅಯಾನು ವಿನಿಮಯದ ರಾಳ. ಗಡಸು ನೀರು ಈ ರಾಳದ ಮಣಿಗಳ ನಡುವೆ ಹಾದಾಗ ಮಣಿಗಳು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಸೋಡಿಯಮ್ಮನ್ನು ಬಿಟ್ಟುಕೊಡುತ್ತವೆ. ಸ್ವಲ್ಪ ಕಾಲದಲ್ಲಿ ಮಣಿಗಳ ಸೋಡಿಯಮ್ ಮುಗಿಯುತ್ತದೆ. ಆಗ ಗಟ್ಟಿಯಾದ ಉಪ್ಪುನೀರನ್ನು ಹಾಯಿಸಿದರೆ ಅದೇ ಕ್ರಿಯೆ ತಿರುಗುಮುರುಗಾಗಿ ರಾಳ ಮತ್ತೆ ಹೊಸದಾಗುತ್ತದೆ. ನಾವು ಯಂತ್ರಕ್ಕೆ ಹಾಕುವ ಉಪ್ಪು ಇದಕ್ಕಾಗಿಯೇ. ಪಾತ್ರೆಗೂ ಅದಕ್ಕೂ ನೇರ ಸಂಬಂಧವಿಲ್ಲ. ೧೦೦ ಗ್ರಾಂ ಕ್ಯಾಲ್ಸಿಯಮ್ ಕಾರ್ಬೊನೇಟಿಗೆ ಸಮನಾದ ಗಡಸುತನವನ್ನು ತೆಗೆಯಲು ಸೈದ್ಧಾಂತಿಕವಾಗಿ ೧೧೭ ಗ್ರಾಂ ಉಪ್ಪು ಬೇಕೆಂದು ರಸಾಯನಶಾಸ್ತ್ರದ ವಿದ್ಯಾರ್ಥಿ ಅಣುತೂಕಗಳಿಂದ ತಾನೇ ಲೆಕ್ಕ ಹಾಕಬಲ್ಲನು. ಮೇಲಿನ ಮನೆಗೆ ವರ್ಷಕ್ಕೆ ಕನಿಷ್ಠಪಕ್ಷ ೧.೪ ಕಿಲೋಗ್ರಾಂ ಉಪ್ಪು ಬೇಕು. ವಾಸ್ತವದಲ್ಲಿ ಇದರ ಹಲವು ಪಟ್ಟು ತಗಲುತ್ತದೆ. ‘ಕಳೆದ ವರ್ಷ ಒಮ್ಮೆ ಉಪ್ಪು ಹಾಕಿದ್ದೆವು’ ಎನ್ನುವ ಮನೆಯಲ್ಲಿ ಯಂತ್ರ ಕೆಟ್ಟರೆ ದೋಷ ಯಾರದೆಂದು ಹೇಳಬೇಕಾಗಿಲ್ಲ. ಅಡುಗೆಯ ಪುಡಿಯುಪ್ಪು ಗಂಟುಕಟ್ಟುವುದರಿಂದಲೂ, ಅದರಲ್ಲಿ ಬೇರೆ ಪದಾರ್ಥಗಳು ಬೆರೆತಿರುವುದರಿಂದಲೂ ಈ ಕೆಲಸಕ್ಕೆ ಬಾರದು. ಶುದ್ಧವಾದ ಹರಳುಪ್ಪೇ ಬೇಕು.

ಆದುದರಿಂದ ಹೊಸ ಯಂತ್ರವನ್ನು ಆರಿಸುವಾಗ ಮೊದಲು ಕೇಳಬೇಕಾದುದು ಇದು: ಅದರಲ್ಲಿ ನೀರನ್ನು ಮೆದುಮಾಡುವ ವ್ಯವಸ್ಥೆ ಇದೆಯೆ, ಇದ್ದರೆ ಎಷ್ಟು ಗಡಸುತನದವರೆಗೆ ಅದು ಕೆಲಸಮಾಡುತ್ತದೆ? ಕೈಪಿಡಿಗಳಲ್ಲಿ ಈ ಮಿತಿಯನ್ನು ಅನೇಕ ವೇಳೆ ಜರ್ಮನ್ ಡಿಗ್ರಿಗಳಲ್ಲಿ ಕೊಟ್ಟಿರುತ್ತಾರೆ. ಒಂದು ಜರ್ಮನ್ ಡಿಗ್ರಿ ಎಂದರೆ ಲೀಟರಿಗೆ ಸುಮಾರು ೧೭.೮ ಮಿಲಿಗ್ರಾಂ. ೪೦೦ ಮಿಲಿಗ್ರಾಮಿನ ನೀರು ೨೨ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ೬೦೦ ಮಿಲಿಗ್ರಾಮಿನ ನೀರು ೩೩ ಡಿಗ್ರಿಗೂ ಮೇಲೆ. ನಿಮ್ಮ ನೀರು ಎಷ್ಟೆಂಬುದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅನುಮಾಪನದಿಂದ ಅರ್ಧ ಗಂಟೆಯಲ್ಲಿ ಕಂಡುಹಿಡಿಯಬಹುದು. ಪ್ರೌಢಶಾಲೆಯವರು ಸಮನಾದ ಎರಡು ಸೀಸೆಗಳಲ್ಲಿ ಮಳೆನೀರನ್ನೂ ನಲ್ಲಿಯ ನೀರನ್ನೂ ತುಂಬಿ, ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕಿ, ನಿಲ್ಲುವ ನೊರೆ ಬರಲು ಯಾವುದಕ್ಕೆ ಎಷ್ಟು ಹನಿ ಬೇಕಾಯಿತೆಂದು ಎಣಿಸಿದರೂ ಸಾಕಷ್ಟು ತಿಳಿಯುತ್ತದೆ.

ನೀರು ಉಳಿಯುವುದೆ, ವಿದ್ಯುತ್ತು ಉಳಿಯುವುದೆ?

ಈ ಯಂತ್ರ ನೀರನ್ನೂ ವಿದ್ಯುತ್ತನ್ನೂ ಎರಡನ್ನೂ ಉಳಿಸುತ್ತದೆ ಎಂದು ಮಾರುವವರು ಹೇಳುವುದುಂಟು. ಇದಕ್ಕೆ ವಿದೇಶದ ಅಧ್ಯಯನಗಳ ಆಧಾರವೂ ಇದೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಯೂರೋಪಿನ ಹಲವು ದೇಶಗಳ ನೂರಕ್ಕೂ ಮಿಕ್ಕ ಜನರಿಂದ ಹನ್ನೆರಡು ಮಂದಿಯ ಊಟದ ತಟ್ಟೆ ಲೋಟಗಳನ್ನು ಕೈಯಲ್ಲಿ ತೊಳೆಸಿ ನೋಡಿ, ೨೦೦೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸರಾಸರಿ ಸುಮಾರು ೧೦೦ ಲೀಟರ್ ನೀರೂ ೨.೫ ಯೂನಿಟ್ ಶಕ್ತಿಯೂ ಖರ್ಚಾಗಿದ್ದವು. ಯಂತ್ರಕ್ಕೆ ಇದರಲ್ಲಿ ಅಲ್ಪಾಂಶ ಸಾಕಾಗಿತ್ತು. ಆದರೆ ಆ ಶಕ್ತಿ ಎಲ್ಲಿ ಖರ್ಚಾಯಿತೆಂದು ಕೇಳಿರಿ: ನೀರನ್ನು ಕಾಯಿಸುವುದರಲ್ಲಿ. ಚಳಿಯ ದೇಶದವರು ಬಿಸಿನೀರಿನಲ್ಲಿ ತೊಳೆಯುತ್ತಾರೆ, ನಮ್ಮ ಬಹುತೇಕ ಮನೆಗಳಲ್ಲಿ ತಣ್ಣೀರಿನಲ್ಲಿ ತೊಳೆಯುತ್ತೇವೆ. ಅವರ ಲೆಕ್ಕದ ಅರ್ಧಭಾಗ ನಮಗೆ ಅನ್ವಯಿಸುವುದೇ ಇಲ್ಲ. ೨೦೨೦ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಹೊರಬಂದ ಇನ್ನೊಂದು ಅಧ್ಯಯನವು, ಹರಿಯುವ ನಲ್ಲಿಯ ಕೆಳಗೆ ತೊಳೆಯುವುದಕ್ಕಿಂತ ಯಂತ್ರವೇ ಮೇಲೆಂದು ಕಂಡರೂ, ಒಂದು ತೊಟ್ಟಿಯಲ್ಲಿ ಬಿಸಿ ಸಾಬೂನು ನೀರನ್ನೂ ಇನ್ನೊಂದರಲ್ಲಿ ತಣ್ಣೀರನ್ನೂ ಇಟ್ಟುಕೊಂಡು ಕೈಯಲ್ಲಿ ತೊಳೆಯುವ ಕ್ರಮವೇ ವಾತಾವರಣಕ್ಕೆ ಎಲ್ಲಕ್ಕಿಂತ ಕಡಮೆ ಹಾನಿಕರವೆಂದು ಕಂಡುಕೊಂಡಿತು.

ನಮ್ಮ ಲೆಕ್ಕವನ್ನು ನಾವೇ ಮಾಡೋಣ. ೧೦ ಲೀಟರ್ ನೀರನ್ನು ೨೫ರಿಂದ ೬೦ ಡಿಗ್ರಿಗೆ ಕಾಯಿಸಲು ೩೫೦ ಕಿಲೋಕ್ಯಾಲರಿ, ಎಂದರೆ ಸುಮಾರು ೦.೪ ಯೂನಿಟ್ ಬೇಕು. ಪಾತ್ರೆಗಳೂ ಯಂತ್ರದ ಒಡಲೂ ಕಾಯಬೇಕು, ಪಂಪು ಓಡಬೇಕು. ಒಟ್ಟು ೦.೮ ಯೂನಿಟ್ ಎಂದಿಟ್ಟುಕೊಳ್ಳೋಣ. ಇನ್ನು, ಕೈಯಲ್ಲಿ ತೊಳೆದಾಗ ೫೦ ಲೀಟರ್ ಹೋಗುತ್ತಿದ್ದ ಮನೆಯಲ್ಲಿ ಯಂತ್ರ ದಿನಕ್ಕೆ ೪೦ ಲೀಟರ್ ಉಳಿಸಿತೆನ್ನೋಣ. ವರ್ಷಕ್ಕೆ ೧೪,೬೦೦ ಲೀಟರ್ ಆಯಿತು. ೬,೦೦೦ ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಎರಡೂವರೆ ಟ್ಯಾಂಕರಿಗೆ ಸಮೀಪ. ೨೦೨೪ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಟ್ಯಾಂಕರಿಗಾಗಿ ಕಾದ ಬೆಂಗಳೂರಿಗರಿಗೆ ಇದು ಸಣ್ಣ ಮಾತಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ ೭೭.೫ ಕೋಟಿ ಲೀಟರ್ ನೀರನ್ನು ಹೆಚ್ಚಾಗಿ ತರುವ ಏರ್ಪಾಡಾಗಿದೆಯಾದರೂ, ಆ ನೀರು ಸುಮ್ಮನೆ ಹರಿದು ಬರುವುದಿಲ್ಲ. ಅದನ್ನು ಸುಮಾರು ೧೦೦ ಕಿಲೋಮೀಟರ್ ದೂರದಿಂದ ಸುಮಾರು ೫೦೦ ಮೀಟರ್ ಎತ್ತರಕ್ಕೆ ಎತ್ತಿ ತರಬೇಕು.

ಹಾಗೆ ಎತ್ತುವ ಶಕ್ತಿ ಎಷ್ಟು? ಒಂದು ಘನಮೀಟರ್ ನೀರನ್ನು ೫೦೦ ಮೀಟರ್ ಎತ್ತಲು ಸುಮಾರು ೪೯ ಲಕ್ಷ ಜೂಲ್, ಎಂದರೆ ೧.೩೬ ಯೂನಿಟ್ ಬೇಕು. ಪಂಪಿನಲ್ಲಿ ನಷ್ಟವಾಗುವುದನ್ನೂ ಸೇರಿಸಿ ೨ ಯೂನಿಟ್ ಎನ್ನೋಣ. ನಾವು ಉಳಿಸಿದ ೪೦ ಲೀಟರಿಗೆ ಇದು ೦.೦೮ ಯೂನಿಟ್ ಮಾತ್ರ. ಯಂತ್ರ ಖರ್ಚುಮಾಡುವುದು ಇದರ ಹತ್ತುಪಟ್ಟು. ಹಾಗಾದರೆ ನಿಜವಾದ ಸಂಗತಿ ಇಷ್ಟು: ನಮ್ಮ ಮನೆಗಳಲ್ಲಿ ಈ ಯಂತ್ರ ವಿದ್ಯುತ್ತನ್ನು ತೆತ್ತು ನೀರನ್ನೂ ದುಡಿಮೆಯನ್ನೂ ಉಳಿಸುತ್ತದೆ. ನೀರಿಗೆ ಬರವಿರುವ ಊರಿನಲ್ಲಿ ಈ ವಿನಿಮಯ ನ್ಯಾಯವಾಗಿರಬಹುದು. ನೀರು ಸಮೃದ್ಧವಾಗಿರುವ ಮಲೆನಾಡಿನ ಮನೆಯಲ್ಲಿ ನೀರಿನ ಹೆಸರಿನಲ್ಲಿ ಇದನ್ನು ಸಮರ್ಥಿಸಲಾಗದು. ಅಲ್ಲದೆ ಪ್ರತಿಯೊಂದು ತಟ್ಟೆಯನ್ನೂ ಮೊದಲು ನಲ್ಲಿಯ ಕೆಳಗೆ ತೊಳೆದು ಆಮೇಲೆ ಯಂತ್ರದಲ್ಲಿಡುವವರು ಉಳಿದ ನೀರನ್ನು ಬಚ್ಚಲಿಗೇ ಚೆಲ್ಲಿದಂತೆ. ಎಂಜಲನ್ನು ಒರಸಿ ತೆಗೆದರೆ ಸಾಕು. ನಿಮ್ಮ ನಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಸುರಿಸುತ್ತದೆಂಬುದನ್ನು ಬಕೆಟ್ಟಿಟ್ಟು ಗಡಿಯಾರ ಹಿಡಿದು ಒಮ್ಮೆ ಅಳೆದು ನೋಡಿರಿ; ಮೇಲಿನ ೫೦ ಲೀಟರಿನ ಅಂದಾಜಿಗಿಂತ ನಿಮ್ಮ ಮನೆಯ ಅಂಕಿಯೇ ನಿಮಗೆ ಹೆಚ್ಚು ಪ್ರಯೋಜನಕಾರಿ.

ಕೊಳ್ಳುವಾಗ ನೋಡತಕ್ಕ ಉಳಿದ ಅಂಶಗಳು

ನೀರಿನ ಪ್ರಶ್ನೆ ತೀರಿದ ಮೇಲೆ ಎರಡನೆಯದು ಪಾತ್ರೆಗಳ ಪ್ರಶ್ನೆ. ‘ಹದಿನಾಲ್ಕು ಮಂದಿಯ ಪಾತ್ರೆ ಹಿಡಿಸುತ್ತದೆ’ ಎಂಬ ಹೇಳಿಕೆಯಲ್ಲಿ ಎಣಿಸಿರುವುದು ಪ್ರಮಾಣೀಕೃತವಾದ ಯೂರೋಪಿನ ತಟ್ಟೆ, ಬಟ್ಟಲು, ಚಮಚಗಳನ್ನು. ನಮ್ಮ ಬಾಣಲೆ, ಕುಕ್ಕರು, ಇಡ್ಲಿ ತಟ್ಟೆಗಳ ಗೋಪುರ, ಸಾರಿನ ತಪ್ಪಲೆ ಇವು ಆ ಲೆಕ್ಕದಲ್ಲಿಲ್ಲ. ಮನೆಯ ಅತಿ ದೊಡ್ಡ ಪಾತ್ರೆಯ ಅಗಲವನ್ನೂ ಎತ್ತರವನ್ನೂ ಅಳೆದುಕೊಂಡು ಹೋಗಿ, ಮೇಲಿನ ಗೂಡನ್ನು ಏರಿಸಿ ಇಳಿಸಬಹುದೆ, ಕೆಳಗಿನ ಗೂಡಿನ ಕಡ್ಡಿಗಳನ್ನು ಮಡಿಸಬಹುದೆ ಎಂದು ನೋಡಬೇಕು.

ಮೂರನೆಯದು ದುರಸ್ತಿಯ ಪ್ರಶ್ನೆ. ಯೂರೋಪಿನ ಒಕ್ಕೂಟದಲ್ಲಿ ೨೦೧೯ರಲ್ಲಿ ಮಾಡಿ ೨೦೨೧ರ ಮಾರ್ಚ್‌ನಿಂದ ಜಾರಿಗೆ ತಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಅದರ ಪಂಪು, ಮೋಟಾರು ಮುಂತಾದವು ಏಳು ವರ್ಷ, ಗೂಡು, ತೋಳು, ಬಾಗಿಲಿನ ರಬ್ಬರು ಮುಂತಾದವು ಹತ್ತು ವರ್ಷ ದೊರೆಯುವಂತಿರಬೇಕು. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿನ ಬಗ್ಗೆ ೨೦೨೨ರಲ್ಲಿ ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಗ್ರಾಹಕರಿಗೆ ಮಾಹಿತಿ ಕೊಡುವ ಜಾಲತಾಣವನ್ನು ತೆರೆಯಿತು. ಅಂಗಡಿಯಲ್ಲಿ ನಾವು ಕೇಳಬೇಕಾದ ಪ್ರಶ್ನೆ ಸರಳವಾದುದು: ಈ ಯಂತ್ರದ ಪಂಪು ಎಂಟು ವರ್ಷಗಳ ಮೇಲೆ ನಮ್ಮ ಊರಿನಲ್ಲಿ ದೊರೆಯುವುದೆ? ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುವ ಮಾರಾಟಗಾರನನ್ನು ಹುಡುಕುವುದು, ರಿಯಾಯಿತಿ ಕೊಡುವವನನ್ನು ಹುಡುಕುವುದಕ್ಕಿಂತ ಲಾಭಕರ. ಮೊಬೈಲಿನಿಂದ ನಡೆಸುವ ಸೌಕರ್ಯ, ಹದಿನಾರು ಬಗೆಯ ಕ್ರಮಗಳು ಇವು ಕೆಡಬಹುದಾದ ಭಾಗಗಳನ್ನು ಹೆಚ್ಚಿಸುತ್ತವೆ. ಮಿತವ್ಯಯದ್ದೊಂದು, ಜಿಡ್ಡಿನ ಪಾತ್ರೆಗಳಿಗೆ ಹೆಚ್ಚು ಬಿಸಿಯದೊಂದು, ಅವಸರದ್ದೊಂದು, ಹೀಗೆ ಮೂರು ಕ್ರಮಗಳಿದ್ದರೆ ಸಂಸಾರಕ್ಕೆ ಸಾಕು.

ಮಾಳಿಗೆಯ ಮೇಲೆ ಸೌರಶಕ್ತಿಯ ಬಿಸಿನೀರಿನ ವ್ಯವಸ್ಥೆ ಇರುವವರು ಆ ನೀರನ್ನು ಯಂತ್ರಕ್ಕೆ ಜೋಡಿಸಬಹುದೆ ಎಂದು ಕೈಪಿಡಿಯಲ್ಲಿ ನೋಡಬೇಕು. ೬೦ ಡಿಗ್ರಿಯವರೆಗಿನ ನೀರನ್ನು ಒಪ್ಪುವ ಯಂತ್ರಗಳುಂಟು. ಆದರೆ ಯಂತ್ರವು ಒಮ್ಮೆಗೆ ಮೂರು ನಾಲ್ಕು ಲೀಟರ್ ಮಾತ್ರ ತೆಗೆದುಕೊಳ್ಳುವುದರಿಂದ, ಕೊಳವೆ ಉದ್ದವಾಗಿದ್ದರೆ ಅದರಲ್ಲಿ ನಿಂತು ತಣಿದ ನೀರೇ ಮೊದಲು ಒಳಗೆ ಬರುತ್ತದೆ. ಕೊಳವೆ ಚಿಕ್ಕದಾಗಿದ್ದರೆ ಮಾತ್ರ ಈ ಜೋಡಣೆಯಿಂದ ಪ್ರಯೋಜನ. ಇನ್ನು, ಮುಸುರೆ ನೀರನ್ನು ಗಿಡಗಳಿಗೆ ಹಾಕುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದದ್ದು. ಯಂತ್ರದಿಂದ ಹೊರಬರುವ ನೀರಿನಲ್ಲಿ ಕ್ಷಾರವೂ ಸೋಡಿಯಮ್ಮೂ ಇರುವುದರಿಂದ ಅದನ್ನು ತೋಟಕ್ಕೆ ಬಿಡುವುದು ಹಿತವಲ್ಲ.

ದುಡಿಮೆ ಯಾರದು?

ಕಡೆಯದಾಗಿ, ಉಳಿಯುವ ದುಡಿಮೆ ಯಾರದೆಂಬುದನ್ನೂ ಯೋಚಿಸಬೇಕು. ೨೦೧೯ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ ಗಂಡಸರು ೯೭ ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಿದ್ದರು. ಯಂತ್ರ ಬಂದ ಮಾತ್ರಕ್ಕೆ ಈ ಅಂತರ ಕರಗುವುದಿಲ್ಲ. ಪಾತ್ರೆಗಳನ್ನು ಗೂಡಿನಲ್ಲಿ ಜೋಡಿಸುವುದು, ತೆಗೆದಿಡುವುದು, ಜಾಲರಿಯನ್ನು ತೊಳೆಯುವುದು, ಉಪ್ಪು ತುಂಬುವುದು, ಯಂತ್ರಕ್ಕೊಗ್ಗದ ಕಾವಲಿ ಬಾಣಲೆಗಳನ್ನು ತಿಕ್ಕುವುದು ಇವೆಲ್ಲ ಹಿಂದ�ೆ ತಿಕ್ಕುತ್ತಿದ್ದವರ ಪಾಲಿಗೇ ಬಂದರೆ ಕೆಲಸದ ರೂಪ ಬದಲಾಯಿತೇ ಹೊರತು ಹೊರೆ ಇಳಿಯಲಿಲ್ಲ. ಇವುಗಳಲ್ಲಿ ಯಾವುದೂ ಹದಿನೈದು ವರ್ಷದ ಹುಡುಗನಿಗೆ ಮೀರಿದ ವಿದ್ಯೆಯಲ್ಲ. ಮನೆಗೆಲಸಕ್ಕೆ ಬರುವ ಹೆಂಗಸಿನ ಜೀವನೋಪಾಯದ ಪ್ರಶ್ನೆಯೂ ಇದೆ. ಯಂತ್ರ ತಂದ ಕಾರಣಕ್ಕೆ ಆಕೆಯ ಸಂಬಳವನ್ನು ಕಡಿದುಹಾಕುವ ಮನೆಯು, ತಾನು ಉಳಿಸಿದೆನೆನ್ನುವ ಹಣವನ್ನು ಇನ್ನೊಬ್ಬರ ಊಟದಿಂದ ತೆಗೆದಿದೆ ಎಂಬುದನ್ನು ಮರೆಯಬಾರದು. ಆಕೆಗೆ ಬೇರೆ ಕೆಲಸ ಕೊಟ್ಟು ಸಂಬಳವನ್ನು ಉಳಿಸಿಕೊಡುವುದು ಅನೇಕರಿಗೆ ಸಾಧ್ಯ.

ಈ ಯಂತ್ರವನ್ನು ಕೊಳ್ಳಬೇಡಿರೆಂದು ನಾವು ಹೇಳುತ್ತಿಲ್ಲ. ನೀರಿನ ಅಭಾವವಿರುವ, ದುಡಿಯುವವರೇ ತುಂಬಿರುವ ನಗರದ ಸಂಸಾರಕ್ಕೆ ಇದು ನಿಜವಾದ ಉಪಕಾರಿ. ಆದರೆ ಕೊಳ್ಳುವ ತೀರ್ಮಾನ ಜಾಹೀರಾತಿನಿಂದ ಆಗಬಾರದು, ಅಳತೆಯಿಂದ ಆಗಬೇಕು. ವಿದ್ಯಾರ್ಥಿ ಮಿತ್ರರು ಒಂದು ಹಾಳೆಯಲ್ಲಿ ಮನೆಯ ನೀರಿನ ಗಡಸುತನ, ನಲ್ಲಿಯ ಹರಿವು, ಅತಿ ದೊಡ್ಡ ಪಾತ್ರೆಯ ಅಳತೆ, ದಿನಕ್ಕೆ ತೊಳೆಯುವ ಪಾತ್ರೆಗಳ ಸಂಖ್ಯೆ, ಹಳೆಯ ಯಂತ್ರ ಕೆಟ್ಟ ಕಾರಣ ಈ ಐದನ್ನು ಬರೆದು ತಂದೆತಾಯಿಗಳ ಕೈಯಲ್ಲಿಡಲಿ. ಹೊಸ ಯಂತ್ರ ಬೇಕೆ ಎಂಬುದೂ, ಬೇಕಾದರೆ ಎಂಥದು ಎಂಬುದೂ ಬಹುಮಟ್ಟಿಗೆ ಆ ಹಾಳೆಯಿಂದಲೇ ತೀರ್ಮಾನವಾಗುತ್ತದೆ. ಹಳೆಯ ಯಂತ್ರವನ್ನು ಕಡೆಗೂ ಬಿಡಬೇಕಾಗಿ ಬಂದರೆ ಅದನ್ನು ಗುಜರಿಯವನಿಗೆ ಕೊಡದೆ, ೨೦೨೩ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿಗೆ ಅನುಸಾರವಾಗಿ ನೋಂದಾಯಿತರಾದ ಸಂಸ್ಕರಣಕಾರರಿಗೆ ತಲುಪಿಸುವ ಹೊಣೆಯನ್ನೂ ಅವರೇ ವಹಿಸಿಕೊಳ್ಳಲಿ.